ನೆಗೆಟಿವ್ ರಿಪೋರ್ಟು ಬಂದ ಮೇಲೆ

ಕಾಯಿಲೆ ವಾಸಿಯಾಗುವುದು ಬೇರೆ, ಮೈಗೆ ಬಲ ಬರುವುದು ಬೇರೆ. ನನ್ನ ವಿಷಯದಲ್ಲಿ ಇವೆರಡರ ನಡುವೆ ಹತ್ತಿರ ಹತ್ತಿರ ಒಂದು ವರ್ಷ ಹೋಯಿತು. ಆ ವರ್ಷದ ಬಗ್ಗೆ ಡಾಕ್ಟರುಗಳು ಜಾಸ್ತಿ ಮಾತಾಡುವುದಿಲ್ಲ. ಹೊರಗೆ ಅಷ್ಟು ಜನ ಚೀಟಿ ಹಿಡಿದು ಕೂತಿರುವಾಗ ಅವರಿಗಾದರೂ ಪುರುಸೊತ್ತು ಎಲ್ಲಿಂದ ಬರಬೇಕು ಹೇಳಿ.

ನಾನು ಅಂಕೋಲಾ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. 2012ರಲ್ಲಿ ಒಂದು ಶಿಬಿರದಲ್ಲಿ ರಕ್ತ ಕೊಟ್ಟೆ. ಕೆಲವು ದಿನ ಬಿಟ್ಟು ಫೋನ್ ಬಂತು, ‘ಒಮ್ಮೆ ಬಂದು ಹೋಗಿ’ ಎಂದರು. ದಾನಿಗಳ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂದು ಐದು ಪರೀಕ್ಷೆಗೆ ಹಚ್ಚುತ್ತಾರೆ. ನನ್ನದು ಮೂರನೆಯದರಲ್ಲಿ, ಅಂದರೆ ಹೆಪಟೈಟಿಸ್ ಸಿಯಲ್ಲಿ, ಸಿಕ್ಕಿಬಿದ್ದಿತ್ತು. ನನಗೋ ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಕಣ್ಣು ಹಳದಿಯಾಗಿರಲಿಲ್ಲ, ಊಟ ಸೇರುತ್ತಿತ್ತು. ಈ ವೈರಸ್ಸಿನ ಗುಣವೇ ಹಾಗೆ. ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಕೆಡಿಸುತ್ತಾ ಹೋಗುತ್ತದೆ. 1996ರಲ್ಲಿ ಮಗಳು ಹುಟ್ಟಿದಾಗ ಸಿಸೇರಿಯನ್ ಆಗಿ, ರಕ್ತ ಬಹಳ ಹೋಗಿ, ರಕ್ತದ ಬಾಟಲಿ ಏರಿಸಿದ್ದರು. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2000ದ ನಂತರವಷ್ಟೇ. ‘ಖಚಿತವಾಗಿ ಹೇಳಲಿಕ್ಕೆ ಬರುವುದಿಲ್ಲ, ಆದರೆ ಅಲ್ಲಿಂದಲೇ ಬಂದಿರಬೇಕು’ ಎಂದರು ಡಾಕ್ಟರು.

ಆಗ ಇದ್ದ ಚಿಕಿತ್ಸೆ ಒಂದೇ. ವಾರಕ್ಕೊಂದು ಪೆಗ್ ಇಂಟರ್‌ಫೆರಾನ್ ಚುಚ್ಚುಮದ್ದು, ಅದರ ಜೊತೆ ದಿನಾ ಎರಡು ಹೊತ್ತು ರಿಬಾವಿರಿನ್. ವೈರಸ್ಸಿನಲ್ಲೂ ಜಾತಿಗಳಿವೆಯಂತೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಮೂರನೇ ಜಾತಿ ನನ್ನದು. ಅದಕ್ಕೆ 24 ವಾರ ಸಾಕು, ಒಂದನೇ ಜಾತಿಯವರಿಗೆ 48 ವಾರ. ‘ನಿಮ್ಮ ಅದೃಷ್ಟ ಚಲೋ ಇದೆ’ ಎಂದರು. ಅದೃಷ್ಟದ ರುಚಿ ಗೊತ್ತಾಗಲಿಕ್ಕೆ ಜಾಸ್ತಿ ದಿನ ಬೇಕಾಗಲಿಲ್ಲ.

ಚುಚ್ಚುಮದ್ದನ್ನು ಫ್ರಿಜ್ಜಿನಲ್ಲೇ ಇಡಬೇಕು, ಆದರೆ ಹೆಪ್ಪುಗಟ್ಟಲೂ ಬಾರದು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ. ಒಂದು ಗಾಳಿ ಬೀಸಿದರೆ ಸಾಕು, ಕರೆಂಟು ಹೋಯಿತೆಂದೇ ಲೆಕ್ಕ. ಆಗೆಲ್ಲ ಇವರು ಬೈಕು ಹತ್ತಿ ಬೇಲೆಕೇರಿ ಕಡೆ ಹೋಗಿ ಮೀನಿನವರ ಹತ್ತಿರ ಐಸ್ ತರುತ್ತಿದ್ದರು. ಸಾವಿರಾರು ರೂಪಾಯಿಯ ಔಷಧ ಬಂಗಡೆಯ ಐಸಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿರುತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ರಾತ್ರಿಯ ಹೊತ್ತಿಗೆ ಚಳಿ ಹಿಡಿದು ಹಲ್ಲು ಕಟಕಟ. ಭಾನುವಾರ ಇಡೀ ಜ್ವರ. ಸೋಮವಾರ ಬೆಳಿಗ್ಗೆ ಸೀರೆ ಉಟ್ಟು ಹಾಜರಿ ಪುಸ್ತಕದ ಮುಂದೆ. ರಜೆ ಉಳಿಸಿಕೊಳ್ಳಲಿಕ್ಕೆ ಹೂಡಿದ ಉಪಾಯ ಅದು.

ಕೂದಲು ಉದುರಿತು, ಮೈ ತುರಿಕೆ, ಒಣಕೆಮ್ಮು. ರಿಬಾವಿರಿನ್ ರಕ್ತದ ಕೆಂಪು ಕಣಗಳನ್ನೇ ಒಡೆದು ಹಾಕುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಇಳಿಯಿತು. ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಇವನ್ನೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಸಿಟ್ಟು. ಸಾರಿಗೆ ಉಪ್ಪು ಕಡಿಮೆ ಎಂದ ಮಗಳ ಮುಂದೆ ಪಾತ್ರೆಯನ್ನೇ ಕುಕ್ಕಿದ್ದೆ. ಕುಕ್ಕುವಾಗಲೇ ಇದು ನಾನಲ್ಲ ಅನಿಸುತ್ತಿತ್ತು, ಆದರೂ ನಿಲ್ಲಿಸಲಿಕ್ಕೆ ಆಗುತ್ತಿರಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಅಳು. ಮನಸ್ಸು ಕುಗ್ಗುವುದು, ಸಿಡುಕುವುದು ಇಂಟರ್‌ಫೆರಾನಿನ ಅಡ್ಡಪರಿಣಾಮ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಇವರಿಗೂ ಮಗಳಿಗೂ ಕೂರಿಸಿ ಹೇಳಿದ್ದರು. ಅದೊಂದೇ ನಮ್ಮ ಮನೆಯನ್ನು ಉಳಿಸಿದ್ದು.

ಇದರ ನಡುವೆ ಊರವರ ಮದ್ದು ಬೇರೆ. ಲಿವರ್ ಎಂದ ಕೂಡಲೇ ನಮ್ಮವರಿಗೆ ಕಾಮಾಲೆ, ಕಾಮಾಲೆ ಎಂದ ಕೂಡಲೇ ನೆಲನೆಲ್ಲಿ. ಒಬ್ಬರು ಬೇರುಸಮೇತ ಕಿತ್ತು ತಂದರು. ಇನ್ನೊಬ್ಬರು ಎಣ್ಣೆ ಬಿಡಿ ಎಂದರು, ಮೂರನೆಯವರು ಬದನೆ ನಂಜು, ಮೀನು ನಂಜು ಎಂದರು. ಎಲ್ಲರ ಮಾತು ಕೇಳಿದ್ದರೆ ತಿನ್ನಲಿಕ್ಕೆ ಅನ್ನ ಮತ್ತು ನೀರು ಉಳಿಯುತ್ತಿತ್ತು. ಡಾಕ್ಟರು ಮಾತ್ರ ಮೊಟ್ಟೆ, ಮೀನು, ಹೆಸರುಕಾಳು ಚೆನ್ನಾಗಿ ತಿನ್ನಿ, ಯಾವ ಸೊಪ್ಪಿನ ರಸವನ್ನೂ ನನಗೆ ಕೇಳದೆ ಕುಡಿಯಬೇಡಿ ಎಂದಿದ್ದರು. ನೆಲನೆಲ್ಲಿಯನ್ನು ತಂದವರ ಎದುರಿಗೆ ತೆಗೆದುಕೊಂಡು, ಅವರು ಹೋದ ಮೇಲೆ ಬಾಳೆಬುಡಕ್ಕೆ ಹಾಕುತ್ತಿದ್ದೆ.

ವರ್ಷದ ಕೊನೆಗೆ ಚುಚ್ಚುಮದ್ದು ಮುಗಿಯಿತು. ಆದರೆ ಗುಣವಾಯಿತು ಎನ್ನಲಿಕ್ಕೆ ಇನ್ನೂ ಆರು ತಿಂಗಳು ಕಾಯಬೇಕು. ಅಷ್ಟು ದಿನ ಔಷಧವಿಲ್ಲದೆಯೂ ರಕ್ತದಲ್ಲಿ ವೈರಸ್ ಕಾಣದಿದ್ದರೆ ಮಾತ್ರ ಗೆದ್ದ ಹಾಗೆ. 2013ರ ಮಳೆಗಾಲದಲ್ಲಿ ಆ ರಿಪೋರ್ಟು ಬಂತು. ವೈರಸ್ ಇಲ್ಲ. ಇವರು ಪೇಡೆ ತಂದರು. ಆಯಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ನಾನು ಪೇಡೆ ತಿಂದು ಮಲಗಿದೆ.

ಸುಸ್ತು ಹೋಗಿರಲಿಲ್ಲ. ರಕ್ತ ತುಂಬಿಕೊಂಡಿತ್ತು, ಕೂದಲು ಚಿಗುರಿತ್ತು, ನೋಡಿದವರು ‘ಈಗ ಚಲೋ ಕಾಣ್ತೀರಿ ಅಕ್ಕೋರೆ’ ಎನ್ನುತ್ತಿದ್ದರು. ಆದರೆ ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಕಟ್ಟೆಯ ಮೇಲೆ ಕೂರಬೇಕಿತ್ತು. ಮಧ್ಯಾಹ್ನ ಎರಡು ಗಂಟೆಯಾದರೆ ಸಾಕು, ಯಾರೋ ಮೈಯಿಂದ ಎಲುಬು ತೆಗೆದುಕೊಂಡ ಹಾಗೆ. ಹಾಜರಿ ಕರೆಯುವಾಗ ಎದುರಿಗೆ ಕೂತ ಮಗುವಿನ ಹೆಸರೇ ಮರೆತು ಹೋಗುತ್ತಿತ್ತು. ಆರೋಗ್ಯವಂತರ ಸುಸ್ತು ನಿದ್ದೆಗೆ ಹೋಗುತ್ತದೆ. ಈ ಸುಸ್ತು ನಿದ್ದೆಯಿಂದ ನಮ್ಮ ಜೊತೆಗೇ ಎದ್ದು ಬರುತ್ತದೆ. ಅನುಭವಿಸದವರಿಗೆ ಇದನ್ನು ಹೇಳುವುದು ಕಷ್ಟ. ‘ವಾಸಿ ಆಯ್ತಲ್ಲ, ಮತ್ತೆಂತ?’ ಎನ್ನುತ್ತಾರೆ. ಮತ್ತೆಂತ ಎಂಬ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿರಲಿಲ್ಲ.

ಕೊನೆಗೆ ಡಾಕ್ಟರನ್ನೇ ಮತ್ತೆ ಹಿಡಿದೆ. ಥೈರಾಯಿಡ್ ಪರೀಕ್ಷೆ ಮಾಡಿಸಿದರು. ಅದು ನಿಧಾನವಾಗಿತ್ತು. ಇಂಟರ್‌ಫೆರಾನ್ ತೆಗೆದುಕೊಂಡ ಕೆಲವರಲ್ಲಿ ಥೈರಾಯಿಡ್ ಹೀಗೆ ಕೆಡುತ್ತದಂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ ಶುರುವಾಯಿತು, ಈಗಲೂ ಇದೆ. ಇಂಥ ಚಿಕಿತ್ಸೆ ಮುಗಿದ ಮೇಲೂ ಸುಸ್ತು ಬಿಡದಿದ್ದರೆ ‘ಎಲ್ಲ ಮನಸ್ಸಿನದ್ದು’ ಎಂದು ಸುಮ್ನೆ ಕೂರಬೇಡಿ. ಒಮ್ಮೆ ಹಿಮೋಗ್ಲೋಬಿನ್, ಥೈರಾಯಿಡ್ ನೋಡಿಸಿ.

ಜೊತೆಗೆ ನಡಿಗೆ. ನಮ್ಮ ಮನೆಯಿಂದ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬಂಡಿನ ಮೇಲೆ ಹೋದರೆ ಸಮುದ್ರ. ಮೊದಮೊದಲು ಮೋರಿಯವರೆಗೆ ಹೋಗಿ ವಾಪಸು. ಆಮೇಲೆ ಕಟ್ಟೆಯವರೆಗೆ. ಹಾಲಕ್ಕಿ ಹೆಂಗಸರು ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾ ನನ್ನನ್ನು ದಾಟುತ್ತಿದ್ದರು. ನನಗಿಂತ ಹಿರಿಯರು. ದಾಟುವಾಗ ಮಾತಾಡಿಸಿಯೇ ದಾಟುತ್ತಿದ್ದರು, ಅದು ಇನ್ನೂ ಅವಮಾನ! ದೀಪಾವಳಿ ಕಳೆದ ಮೇಲೆ ಒಂದು ದಿನ ಸಮುದ್ರ ಮುಟ್ಟಿದೆ. ಮುಟ್ಟಿದವಳು ವಾಪಸು ನಡೆಯಲಾಗದೆ ಇವರಿಗೆ ಫೋನ್ ಮಾಡಿ ಬೈಕು ತರಿಸಿಕೊಂಡೆ.

ಹೀಗಿರುವಾಗ 2014ರ ಲೋಕಸಭಾ ಚುನಾವಣೆ ಬಂತು. ಏಪ್ರಿಲ್ 17ಕ್ಕೆ ಮತದಾನ. ನನ್ನ ಹೆಸರಿಗೆ ಡ್ಯೂಟಿ ಆದೇಶ, ಅದೂ ಘಟ್ಟದ ಮೇಲಿನ ಯಲ್ಲಾಪುರದ ಕಡೆ.

ಚುನಾವಣಾ ಡ್ಯೂಟಿ ತಪ್ಪಿಸಿಕೊಳ್ಳುವುದು ಮಾಸ್ತರರ, ಅಕ್ಕೋರರ ಹಳೆಯ ಕಲೆ. ಆದೇಶ ಬಂದ ದಿನವೇ ಊರಿಗೆಲ್ಲ ಬಿಪಿ, ಬೆನ್ನುನೋವು ಶುರುವಾಗುತ್ತದೆ. ನನ್ನ ಹತ್ತಿರ ನಿಜವಾದ ಕಾರಣವಿತ್ತು, ಕೈತುಂಬ ಫೈಲಿತ್ತು. ಆದರೆ ಆ ಫೈಲನ್ನು ಕಚೇರಿಯ ಮೇಜಿನ ಮೇಲೆ ಇಟ್ಟರೆ ಕಾಯಿಲೆಯ ಹೆಸರು ಹತ್ತು ಜನರ ಬಾಯಿಗೆ ಬೀಳುತ್ತದೆ. ಚಿಕಿತ್ಸೆಯ ಕಾಲದಲ್ಲಿ ಅದರ ರುಚಿ ನೋಡಿದ್ದೆ. ಯಾರೋ ನನ್ನ ಚಹಾದ ಲೋಟವನ್ನು ಬೇರೆ ಇಟ್ಟಿದ್ದರು. ಇದು ರಕ್ತದಿಂದ ರಕ್ತಕ್ಕೆ ಹರಡುವ ಕಾಯಿಲೆ. ಲೋಟದಿಂದ, ಜೊತೆಗೆ ಉಂಡರೆ, ಕೈ ಮುಟ್ಟಿದರೆ ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಲೋಟ ಮಾತ್ರ ಬೇರೆಯೇ ಉಳಿಯಿತು. ಫೈಲು ತೋರಿಸುವುದಕ್ಕಿಂತ ಯಲ್ಲಾಪುರವೇ ವಾಸಿ ಅನಿಸಿತು. ಧೈರ್ಯ ಗೀರ್ಯ ಏನೂ ಅಲ್ಲ.

ಹಿಂದಿನ ದಿನ ಮಸ್ಟರಿಂಗ್, ಅಂದರೆ ತಂಡಗಳನ್ನು ಸೇರಿಸಿ ಸಾಮಾನು ಕೊಡುವುದು. ಅರಬೈಲ್ ಘಟ್ಟ ಹತ್ತುವಾಗಲೇ ಬಸ್ಸಿನಲ್ಲಿ ನಿದ್ದೆ. ಅಲ್ಲಿ ಹೋದರೆ ಪೆಂಡಾಲು, ಮೈಕು, ಬಿಸಿಲು. ನಮ್ಮ ತಂಡವನ್ನು ಹುಡುಕಿ, ಸಾಮಾನು ಎಣಿಸಿ, ಎಲ್ಲದಕ್ಕೂ ಸಹಿ ಹಾಕಿ, ಸಂಜೆ ಹೊತ್ತಿಗೆ ಬೂತಿನ ದಾರಿ ಹಿಡಿದೆವು. ಪಿಆರ್‌ಓ ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಶಿರಸಿಯ ಕಡೆಯ ಒಬ್ಬ ಉಪನ್ಯಾಸಕರು, ಒಳ್ಳೆಯ ಮನುಷ್ಯ, ಸ್ವಲ್ಪ ಗಾಬರಿ ಜಾಸ್ತಿ. ಬಸ್ಸು ಶಾಲೆಯವರೆಗೆ ಹೋಗಲಿಲ್ಲ. ಏರುದಾರಿ ಕಿರಿದಾಗಿತ್ತು, ಡ್ರೈವರು ಕೈಮುಗಿದರು. ಮಷೀನಿನ ಪೆಟ್ಟಿಗೆಗಳನ್ನು ನಾವೇ ಹೊರಬೇಕಾಯಿತು. ಬ್ಯಾಲೆಟ್ ಯೂನಿಟ್ಟಿನ ಪೆಟ್ಟಿಗೆ ನನ್ನ ಕೈಗೆ ಬಂತು. ಬೇಡ ಎನ್ನಲಿಕ್ಕೆ ಕಾರಣ ಹೇಳಬೇಕಲ್ಲ. ಹಿಡಿದುಕೊಂಡು ನಡೆದೆ.

ಮೇಲೆ ಹೋಗಿ ಜಗಲಿಯ ಮೇಲೆ ಪೆಟ್ಟಿಗೆ ಇಟ್ಟು ತಿರುಗಿ ನೋಡಿದರೆ ಪಿಆರ್‌ಓ ಸಾಹೇಬರು ಅರ್ಧ ದಾರಿಯಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ. ‘ಅಕ್ಕೋರೆ, ನೀವು ದಿನಾ ವಾಕಿಂಗ್ ಮಾಡ್ತೀರಾ?’ ಎಂದು ಕೆಳಗಿನಿಂದಲೇ ಕೂಗಿದರು. ಹೌದು ಎಂದೆ. ಹೌದೆನ್ನುವಾಗ ಉಸಿರು ಸರಿಯಾಗಿಯೇ ಇತ್ತು.

ಬಿಸಿಯೂಟದ ಅಡುಗೆಯವರು ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ ಕೊಟ್ಟರು. ಎರಡು ಬಟ್ಟಲು ಉಂಡೆ. ಬೆಂಚು ಜೋಡಿಸಿ ಮಲಗಿದರೆ ಸೊಳ್ಳೆಗಳ ಸಭೆ. ನಸುಕಿಗೆ ಎದ್ದು ಮಾತ್ರೆ ನುಂಗಿ, ಏಜೆಂಟರ ಎದುರು ಅಣಕು ಮತದಾನ ಮಾಡಿ, ಅದನ್ನು ಅಳಿಸಿ, ಸೀಲು ಹಾಕಿ, ಏಳಕ್ಕೆ ಶುರು ಮಾಡಿದೆವು. ಬೆರಳಿಗೆ ಶಾಯಿ ಹಚ್ಚುವುದು, ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದು ನನ್ನ ಕೆಲಸ. ತೋಟದ ಕೆಲಸ ಮಾಡಿದ ಬೆರಳುಗಳು, ಉಗುರಿನ ಸುತ್ತ ಅಡಿಕೆ ಚೊಗರಿನ ಕಪ್ಪು. ಕೆಲವರ ಬೆರಳಿಗೆ ಶಾಯಿ ಹಚ್ಚಿದ್ದು ಹಚ್ಚಿದ ಹಾಗೇ ಕಾಣುತ್ತಿರಲಿಲ್ಲ. ಒಬ್ಬ ಅಜ್ಜಿ ‘ಮತ್ತೊಂದ್ಸಲ ಹಚ್ಚೇ ತಂಗಿ, ಮನೆಲಿ ನಂಬೂದಿಲ್ಲ’ ಎಂದರು. ಹಚ್ಚಿದೆ.

ನನಗಿದ್ದ ಹೆದರಿಕೆ ಎರಡು ಗಂಟೆಯದು. ಆ ಹೊತ್ತಿಗೆ ತಲೆ ಮೇಜಿಗೆ ಬೀಳುತ್ತದೆ, ಎಲ್ಲರೂ ನೋಡುತ್ತಾರೆ ಎಂದುಕೊಂಡಿದ್ದೆ. ಚಹಾ ಬಂದಾಗ ಗಡಿಯಾರ ನೋಡಿದರೆ ನಾಲ್ಕು ದಾಟಿದೆ. ಊಟದ ಹೊತ್ತಿಗೆ ದೂರದ ಮಜಿರೆಯಿಂದ ಒಂದು ಜೀಪು ತುಂಬ ಜನ ಬಂದಿದ್ದರು, ಆ ಗಲಾಟೆಯಲ್ಲಿ ಎರಡು ಗಂಟೆ ಯಾವಾಗ ಹೋಯಿತೋ ಗೊತ್ತಾಗಿರಲಿಲ್ಲ.

ಡ್ಯೂಟಿ ಮಾಡಿದವರನ್ನು ಕೇಳಿ, ನಿಜವಾದ ಕಷ್ಟ ಮಷೀನು, ಕಾಗದಪತ್ರ ವಾಪಸು ಒಪ್ಪಿಸುವ ಡಿಮಸ್ಟರಿಂಗಿನದು. ರಾತ್ರಿ ಸಾಲಿನಲ್ಲಿ ನಿಂತು ನಿಂತು, ನಮ್ಮ ಸರದಿ ಬಂದಾಗ ಲಕೋಟೆಗಳ ಕ್ರಮ ಸರಿಯಿಲ್ಲ, ಮತ್ತೆ ಜೋಡಿಸಿಕೊಂಡು ಹಿಂದೆ ಹೋಗಿ ನಿಲ್ಲಿ ಎಂದರು. ಪಿಆರ್‌ಓ ಸುಮ್ಮನೆ ಲಕೋಟೆ ಎತ್ತಿಕೊಂಡರು. ನನಗೆ ಸಿಟ್ಟು ಬಂತು. ‘ಇಲ್ಲೇ ನಿಂತು ಜೋಡಿಸ್ತೇವೆ, ಹಿಂದೆ ಹೋಗೂದಿಲ್ಲ’ ಎಂದು ಜೋರಾಗಿಯೇ ಹೇಳಿದೆ. ಸುತ್ತಲಿನವರು ತಿರುಗಿ ನೋಡಿದರು. ಕೂತವರು ಆಯ್ತು ಜೋಡಿಸಿ ಎಂದರು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಹೊಳೆಯಿತು, ಇದು ಔಷಧದ ಸಿಟ್ಟಲ್ಲ. ಬರುವಾಗ ಕಾರಣ ಇಟ್ಟುಕೊಂಡು ಬಂದಿತ್ತು, ಕೆಲಸ ಆದ ಕೂಡಲೇ ಹೋಯಿತು, ಆಮೇಲೆ ಅಳು ಬರಲಿಲ್ಲ. ನನ್ನ ಹಳೆಯ ಸಿಟ್ಟು. ನಮ್ಮ ಮನೆಯವರಿಗೆ ಚೆನ್ನಾಗಿ ಪರಿಚಯವಿರುವ ಸಿಟ್ಟು.

ಬೆಳಗಿನ ಜಾವ ಮನೆ ಮುಟ್ಟಿ ಮಲಗಿದವಳು ಸಂಜೆ ಎದ್ದೆ. ಎದ್ದಾಗ ಸುಸ್ತು ಇರಲಿಲ್ಲ. ಹಸಿವಿತ್ತು.

ಈಗ ಆ ಇಂಟರ್‌ಫೆರಾನಿನ ಕಾಲವೇ ಹೋಯಿತು. 2015ರಲ್ಲಿ ಸೊಫೊಸ್ಬುವಿರ್ ಮಾತ್ರೆ ನಮ್ಮ ದೇಶದ ಕಂಪನಿಗಳಿಂದಲೇ ಕಡಿಮೆ ಬೆಲೆಗೆ ಬಂತು. ಅದರ ಜೊತೆ ಡಕ್ಲಾಟಾಸ್ವಿರ್ ಸೇರಿಸಿ ಹೆಚ್ಚಿನವರಿಗೆ 12 ವಾರ ಕೊಟ್ಟರೆ ಮುಗಿಯಿತು. 2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ನಮ್ಮ ದೂರದ ನೆಂಟರೊಬ್ಬರು ಈ ಮಾತ್ರೆ ತೆಗೆದುಕೊಳ್ಳುತ್ತಲೇ ಅಂಗಡಿ ನಡೆಸಿದರು, ಒಂದು ದಿನವೂ ಬಾಗಿಲು ಹಾಕಲಿಲ್ಲ. ಖುಷಿಯಾಯಿತು. ಹೊಟ್ಟೆ ಸ್ವಲ್ಪ ಉರಿದದ್ದೂ ಹೌದು, ಸುಳ್ಳು ಯಾಕೆ ಹೇಳಲಿ. ಅವರಿಗೆ ಒಂದೇ ಮಾತು ಹೇಳಿದ್ದೆ. ಗುಣವಾದ ಮೇಲೂ ಆ್ಯಂಟಿಬಾಡಿ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತದೆ, ಹೆದರಬೇಡಿ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ರಿಪೋರ್ಟು ಜೋಪಾನವಾಗಿ ಇಟ್ಟುಕೊಳ್ಳಿ ಎಂದು. ರಕ್ತ ಮಾತ್ರ ಇನ್ನು ಕೊಡುವಂತಿಲ್ಲ. ಊರಲ್ಲಿ ಶಿಬಿರ ಆದರೆ ಕೊಟ್ಟವರಿಗೆ ಕೋಕಂ ಶರಬತ್ತು ಹಂಚುವ ಕೆಲಸ ನನ್ನದು.

2018ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಮತ್ತೆ ಡ್ಯೂಟಿ ಬಂತು. ಈ ಸಲ ಮಂಡಿನೋವು ಎಂದು ಬರೆದು, ಸರ್ಟಿಫಿಕೇಟ್ ಲಗತ್ತಿಸಿ, ವಿನಾಯಿತಿಗೆ ಅರ್ಜಿ ಕೊಟ್ಟೆ. ಮಂಡಿನೋವು ನಿಜವಾಗಿಯೂ ಇತ್ತು. ಮೇಜಿನ ಆಚೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಎಷ್ಟು ಗಟ್ಟಿಯಾಗಿದ್ದೀರಿ ಅಕ್ಕೋರೆ, ನಿಮಗೆಂತ ಮಂಡಿನೋವು’ ಎಂದು ಅರ್ಜಿಯನ್ನು ವಾಪಸು ಕೊಟ್ಟರು.