ಸೀಟಿನಲ್ಲಿ ಯಾರು, ಕಿವಿಯಲ್ಲಿ ಯಾರು

ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ರ‍್ಯಾಲಿ ನೋಡಿ ಬೆಳೆದವರಿಗೆ ಕಾರಿನಲ್ಲಿ ಇಬ್ಬರಿರುತ್ತಾರೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಕೂತು ಪೇಸ್ ನೋಟ್ಸ್, ಅಂದರೆ ದಾರಿಯ ತಿರುವುಗಳ ಟಿಪ್ಪಣಿ, ಓದುವವರು ಒಂದು ತಿರುವನ್ನು ತಡವಾಗಿ ಹೇಳಿದರೂ ಗಾಡಿ ಕಾಫಿ ಗಿಡಗಳ ನಡುವೆ ನುಗ್ಗುತ್ತದೆ. 2016ರಲ್ಲಿ ನಮ್ಮ ಡ್ರೈವರ್ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದಾಗ ಪಕ್ಕದಲ್ಲಿದ್ದವರು ಗ್ಲೆನ್ ಮ್ಯಾಕ್‌ನೀಲ್. ದೇಶದೊಳಗಿನ ರ‍್ಯಾಲಿ ಅಂದರೆ ಗಿಲ್ ಹೆಸರಿನ ಜೊತೆಗೇ ಪಕ್ಕದಲ್ಲಿ ಕೂರುವ ಮೂಸಾ ಶರೀಫ್ ಹೆಸರೂ ಬಾಯಿಗೆ ಬರುತ್ತದೆ. ಈ ಅಭ್ಯಾಸ ಇಟ್ಟುಕೊಂಡು ಅಮೆರಿಕದ ಸ್ಟಾಕ್ ಕಾರ್ ರೇಸು, ಅಂದರೆ ನ್ಯಾಸ್ಕಾರ್ ನೋಡಲು ಕೂತರೆ ಟಿವಿಯವರು ಅರ್ಧ ತಂಡವನ್ನೇ ಮರೆಮಾಡಿದ್ದಾರೆ ಅನ್ನಿಸುತ್ತದೆ.

ಅಲ್ಲಿ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಆದರೆ ಹೆಲ್ಮೆಟ್ಟಿನೊಳಗೆ ಎರಡು ದನಿ ಇರುತ್ತವೆ. ಒಂದು ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಕಾರು ಬಂದು ನಿಲ್ಲುವ ಜಾಗದಲ್ಲಿ, ಕೂತ ಕ್ರೂ ಚೀಫ್‌ನದು: ಟೈರು, ಪೆಟ್ರೋಲು, ಯಾವಾಗ ಒಳಗೆ ಬರಬೇಕು ಎಲ್ಲ ಅವರ ಲೆಕ್ಕ. ಇನ್ನೊಂದು ಎತ್ತರದಲ್ಲಿ ನಿಂತು ಇಡೀ ಟ್ರ್ಯಾಕ್ ನೋಡುವ ಸ್ಪಾಟರ್‌ನದು. ತಲೆಯ ಎರಡೂ ಬದಿಗೆ ಸೀಟಿನ ರೆಕ್ಕೆ, ಕುತ್ತಿಗೆಗೆ ಪೆಟ್ಟಾಗದಂತೆ ಹಿಡಿಯುವ ಹ್ಯಾನ್ಸ್ ಪಟ್ಟಿ ಇರುವುದರಿಂದ ಡ್ರೈವರ್‌ಗೆ ಪಕ್ಕಕ್ಕೆ ತಿರುಗಿ ನೋಡಲು ಆಗುವುದೇ ಇಲ್ಲ. ಸ್ಪಾಟರ್ ‘ಕ್ಲಿಯರ್’ ಅಂದ ಮೇಲೆಯೇ ಸಾಲು ಬದಲಿಸಬೇಕು.

ಹೀಗಾಗಿ ಡ್ರೈವರ್ ತಂಡ ಬದಲಿಸಿದ ಸುದ್ದಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಕ್ರೂ ಚೀಫ್ ಯಾರು? 2024ರ ಕೊನೆಗೆ ಸ್ಟೀವರ್ಟ್ ಹಾಸ್ ತಂಡ ಮುಚ್ಚಿತು, ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಪೂರ್ಣಾವಧಿ ರೇಸಿನಿಂದ ಹಿಂದೆ ಸರಿದರು. ಜೋ ಗಿಬ್ಸ್ ತಂಡದಲ್ಲಿ ಅವರ 19ನೇ ನಂಬರಿನ ಕಾರಿಗೆ ಸ್ಟೀವರ್ಟ್ ಹಾಸ್‌ನಲ್ಲಿದ್ದ ಚೇಸ್ ಬ್ರಿಸ್ಕೋ ಬಂದರು. ಕ್ರೂ ಚೀಫ್ ಜೇಮ್ಸ್ ಸ್ಮಾಲ್ ಮಾತ್ರ ಅಲ್ಲೇ ಉಳಿದರು. ಅದುವರೆಗೆ ನ್ಯಾಸ್ಕಾರ್‌ನ ಮೇಲಿನ ದರ್ಜೆಯಾದ ಕಪ್ ಸರಣಿಯಲ್ಲಿ ಎರಡೇ ಗೆಲುವು ಕಂಡಿದ್ದ ಬ್ರಿಸ್ಕೋ 2025ರಲ್ಲಿ ಪೊಕೊನೊ, ಡಾರ್ಲಿಂಗ್ಟನ್, ಟ್ಯಾಲಡೀಗಾ ಮೂರೂ ಗೆದ್ದು, ಚಾಂಪಿಯನ್ ಪಟ್ಟಕ್ಕೆ ಸೆಣಸುವ ಕೊನೆಯ ನಾಲ್ವರಲ್ಲಿ ಒಬ್ಬರಾದರು. ಹಾಗಂತ ಇದು ಎಲ್ಲರಿಗೂ ಒಲಿಯುವ ಸೂತ್ರವಲ್ಲ. ಕೈಲ್ ಬುಷ್ 2023ರಲ್ಲಿ ರಿಚರ್ಡ್ ಚಿಲ್ಡ್ರೆಸ್ ತಂಡದ 8ನೇ ಕಾರಿಗೆ ಬಂದಾಗಲೂ ಕ್ರೂ ಚೀಫ್ ರ‍್ಯಾಂಡಲ್ ಬರ್ನೆಟ್ ಹಳಬರೇ. ಆ ವರ್ಷ ಮೂರು ಗೆಲುವು, 2024ರಲ್ಲಿ ಒಂದೂ ಇಲ್ಲ. 2005ರಿಂದ ವರ್ಷ ತಪ್ಪದೆ ಬಂದ 19 ವರ್ಷಗಳ ಗೆಲುವಿನ ಸರಪಳಿ ಅಲ್ಲಿಗೆ ತುಂಡಾಯಿತು.

ಹೊಸ ಸೀಟಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಪಿಟ್ ರಸ್ತೆಯಲ್ಲಿ. ಈ ಕಾರುಗಳಿಗೆ ಸ್ಪೀಡೋಮೀಟರ್ ಇಲ್ಲ. ಎಂಜಿನ್ನಿನ ಆರ್‌ಪಿಎಂ, ಡ್ಯಾಶ್‌ನ ದೀಪಗಳನ್ನು ನೋಡಿಕೊಂಡೇ ವೇಗದ ಮಿತಿಯೊಳಗೆ ಇರಬೇಕು. ರಸ್ತೆಯನ್ನು ತುಂಡು ತುಂಡಾಗಿ ಭಾಗ ಮಾಡಿ ಪ್ರತಿ ತುಂಡಿಗೆ ಹಿಡಿದ ಸಮಯದಿಂದ ವೇಗ ಲೆಕ್ಕ ಹಾಕುತ್ತಾರೆ. ಹಸಿರು ಬಾವುಟ ಇರುವಾಗ, ಅಂದರೆ ರೇಸ್ ನಡೆಯುತ್ತಿರುವಾಗ, ಮಿತಿ ಮೀರಿದರೆ ಪಿಟ್ ರಸ್ತೆಯಲ್ಲಿ ಇನ್ನೊಮ್ಮೆ ಹಾದುಹೋಗುವ ಶಿಕ್ಷೆ, ಎಲ್ಲರೂ ನಿಧಾನವಾಗಿ ಸಾಗುವ ಹಳದಿಯಲ್ಲಾದರೆ ಸಾಲಿನ ಕೊನೆಗೆ. ಇನ್ನೊಂದು ತೊಂದರೆ ನಿಲ್ಲಿಸುವ ಜಾಗದ್ದು. ಗೋಡೆ ದಾಟಿ ಬರುವವರು ಐದೇ ಜನ: ಟೈರು ಬಿಚ್ಚಿ ಹಾಕುವವರು ಇಬ್ಬರು, ಟೈರು ಹೊರುವವರು, ಜಾಕ್ ಹಾಕುವವರು, ಪೆಟ್ರೋಲ್ ತುಂಬುವವರು ಒಬ್ಬೊಬ್ಬರು. ಕಾರು ಗುರುತಿಗಿಂತ ಒಂದು ಮೊಳ ಮುಂದೆ ನಿಂತರೂ ಅವರ ಹೆಜ್ಜೆಯ ಲೆಕ್ಕವೆಲ್ಲ ತಪ್ಪುತ್ತದೆ. ಹತ್ತು ಸೆಕೆಂಡಿನ ಕೆಲಸದಲ್ಲಿ ಒಂದು ಸೆಕೆಂಡ್ ಹೋದರೆ ಮೂರ್ನಾಲ್ಕು ಸ್ಥಾನ ಹೋದ ಹಾಗೆ. ಟಿವಿಯಲ್ಲಿ ಆ ಹೊತ್ತಿಗೆ ಜಾಹೀರಾತು.

ರೇಸಿನ ನಡುವೆಯೇ ಡ್ರೈವರ್ ಬದಲಾಗುವುದು ಅಪರೂಪ. ಬದಲಾದರೆ ಮಾತ್ರ ಕಣ್ಣು ಮಿಟುಕಿಸದೆ ನೋಡಬೇಕು. ಕಾರಿಗೆ ತೆರೆಯುವ ಬಾಗಿಲಿಲ್ಲ, ಸಾಮಾನ್ಯವಾಗಿ ಕಿಟಕಿಯಿಂದಲೇ ಹತ್ತಿ ಇಳಿಯಬೇಕು. ಕಿಟಕಿಯ ಬಲೆ ಇಳಿಸಿ, ಸ್ಟೀರಿಂಗ್ ಚಕ್ರ ಕಳಚಿ, ಬೆಲ್ಟಿನ ಬಕಲ್ ಬಿಚ್ಚಿ, ರೇಡಿಯೊ ವೈರು, ಹೆಲ್ಮೆಟ್ಟಿಗೆ ಗಾಳಿ ಕೊಡುವ ಪೈಪು ಎರಡನ್ನೂ ಎಳೆದು ತೆಗೆಯಬೇಕು. ಒಂದು ಮರೆತರೂ ಇಳಿಯುವವರು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಾರೆ. ಹತ್ತುವವರ ಕಷ್ಟ ಬೇರೆ. ಸೀಟು ಒಬ್ಬರ ಮೈ ಅಳತೆಗೆ ಮಾಡಿದ್ದು, ಇನ್ನೊಬ್ಬರು ಕೂತರೆ ಪಕ್ಕೆಲುಬಿನ ಹತ್ತಿರ ಸಡಿಲವಾಗುತ್ತದೆ. ಪ್ಯಾಡ್ ತುರುಕಬೇಕು, ಬೆಲ್ಟನ್ನು ಹೊಸದಾಗಿ ಬಿಗಿಯಬೇಕು. 2013ರ ಮೇ ತಿಂಗಳಲ್ಲಿ ಟ್ಯಾಲಡೀಗಾದಲ್ಲಿ ಬೆನ್ನುಮೂಳೆಯ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಡೆನ್ನಿ ಹ್ಯಾಮ್ಲಿನ್ ರೇಸ್ ಶುರು ಮಾಡಿ, ಮೊದಲ ಹಳದಿ ಬಾವುಟಕ್ಕೆ ಕಾರಿನ ಮೇಲ್ಭಾಗದ ಕಿಂಡಿಯಿಂದ ಹೊರಬಂದು ಬ್ರಯಾನ್ ವಿಕರ್ಸ್ ಕೈಗೆ ಕಾರು ಕೊಟ್ಟರು. ಪೆಟ್ಟಾಗಿದ್ದರೂ ಹ್ಯಾಮ್ಲಿನ್ ಅವರೇ ಯಾಕೆ ಶುರು ಮಾಡಬೇಕಿತ್ತು ಅಂದರೆ, ಪಾಯಿಂಟು ಸೇರುವುದು ಹಸಿರು ಬಾವುಟ ಪಡೆದವರಿಗೆ. 2007ರಲ್ಲಿ ಮಿಲ್ವಾಕಿಯಲ್ಲಿ ನಡೆದ ನ್ಯಾಸ್ಕಾರ್‌ನ ಎರಡನೇ ದರ್ಜೆಯ ಬುಷ್ ಸರಣಿಯ ರೇಸಿನಲ್ಲಿ ಗೆರೆ ದಾಟಿ ಗೆದ್ದದ್ದು ಹ್ಯಾಮ್ಲಿನ್, ದಾಖಲೆಯಲ್ಲಿ ಗೆಲುವು ಶುರು ಮಾಡಿದ್ದ ಎರಿಕ್ ಅಲ್ಮಿರೋಲಾ ಹೆಸರಿಗೆ. ಈ ನಿಯಮ ಸರಿಯೆಂದೇ ನನ್ನ ಮತ. ಇಲ್ಲದಿದ್ದರೆ ದುಡ್ಡಿರುವ ತಂಡಗಳು ಪ್ರತಿ ವಾರ ಇಬ್ಬರನ್ನು ಕೂರಿಸುತ್ತಿದ್ದವು.

2025ರಿಂದ ಏಳು ವರ್ಷದ ಟಿವಿ ಒಪ್ಪಂದದ ಮೊತ್ತ 770 ಕೋಟಿ ಡಾಲರ್. ವರ್ಷದ 36 ರೇಸುಗಳಲ್ಲಿ ಫಾಕ್ಸ್‌ಗೆ 12, ಅಮೆಜಾನ್ ಪ್ರೈಮ್‌ಗೆ 5, ಟಿಎನ್‌ಟಿಗೆ 5, ಎನ್‌ಬಿಸಿಗೆ 14. ಇಷ್ಟು ಕೈ ಬದಲಾದರೆ ನೋಡುವವರಿಗೆ ಪ್ರತಿ ಸಲ ಹೊಸ ದನಿ, ಹೊಸ ಗ್ರಾಫಿಕ್ಸ್. ಪ್ರೈಮ್ ಮತ್ತು ಟಿಎನ್‌ಟಿ ಎರಡರಲ್ಲೂ ಕಾಮೆಂಟರಿ ಪೆಟ್ಟಿಗೆಯಲ್ಲಿ ಮಾಜಿ ಕ್ರೂ ಚೀಫ್ ಸ್ಟೀವ್ ಲೆಟಾರ್ಟ್ ಇದ್ದದ್ದು ನನ್ನ ಮಟ್ಟಿಗೆ ದೊಡ್ಡ ಸಮಾಧಾನ. ಎರಡು ಟೈರು ಸಾಕೇ, ನಾಲ್ಕು ಬೇಕೇ ಅನ್ನುವುದನ್ನು ಕಾರು ಒಳಗೆ ಬರುವ ಮೊದಲೇ ಅವರು ಬಿಡಿಸಿ ಹೇಳುತ್ತಾರೆ. ಪ್ರತಿ ಪೆಟ್ಟಿಗೆಯಲ್ಲೂ ಅಂಥವರೊಬ್ಬರು ಬೇಕು.

ನಮ್ಮ ಕಡೆಯ ಸಮಯದ ಲೆಕ್ಕ: ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ಮಧ್ಯಾಹ್ನ 3 ಗಂಟೆ ಅಂದರೆ ಬೇಸಗೆಯಲ್ಲಿ ನಮ್ಮ ರಾತ್ರಿ 12:30, ಫೆಬ್ರವರಿಯಲ್ಲಿ 1:30. ಮೇ ಕೊನೆಯ 600 ಮೈಲಿಯ ರೇಸ್ ಅಲ್ಲಿ ಸಂಜೆ 6ಕ್ಕೆ, ಇಲ್ಲಿ ಬೆಳಗಿನ ಜಾವ 3:30ಕ್ಕೆ. ಆ ಹೊತ್ತಿಗೆ ಗುಡುಗು ಮಳೆ ಬಂದರೆ ಕರೆಂಟು ಹೋಗುವುದು ಖಾತ್ರಿ, ರೂಟರ್‌ಗೂ ಇನ್ವರ್ಟರ್ ಲೈನ್ ಕೊಟ್ಟಿಡಿ. ತಂಡದ ರೇಡಿಯೊ ಕೇಳುವುದಾದರೆ ಅದು ಚಿತ್ರದ ಜೊತೆ ಕೂಡಿಬರುವುದಿಲ್ಲ, ಸಾಮಾನ್ಯವಾಗಿ ಮೊದಲೇ ಬರುತ್ತದೆ. ಹಳದಿಯ ನಂತರ ರೇಸ್ ಮತ್ತೆ ಶುರುವಾಗುವ ರೀಸ್ಟಾರ್ಟ್ ಹೊತ್ತಿಗೆ ಸ್ಪಾಟರ್ ‘ಗ್ರೀನ್, ಗ್ರೀನ್’ ಅನ್ನುತ್ತಿದ್ದಂತೆ ರೇಡಿಯೊ ನಿಲ್ಲಿಸಿ, ಪರದೆಯಲ್ಲಿ ಬಾವುಟ ಬೀಸಿದ ಕೂಡಲೇ ಮತ್ತೆ ಹಾಕಿದರೆ ಎರಡೂ ಒಂದಾಗುತ್ತವೆ.