ಕೊನೆಯವನ ಪಾಳಿ

ಶನಿವಾರ ಬೆಳಗ್ಗೆ ಆರಕ್ಕೇ ಜಿಟಿಜಿಟಿ ಮಳೆ. ವಾರದ ಓಟಕ್ಕೆ ಯಾರೂ ಬರಲ್ಲ ಅಂದುಕೊಂಡು ಫ್ರೀಡಂ ಪಾರ್ಕಿಗೆ ಹೋದರೆ ಒಂಬತ್ತು ಜನ ಆಗಲೇ ಶೂ ಲೇಸು ಕಟ್ಟುತ್ತಿದ್ದರು. ಶಿವಮೊಗ್ಗದಲ್ಲಿದ್ದು ಮಳೆಯ ನೆಪ ಹೇಳಿದರೆ ವರ್ಷಕ್ಕೆ ನಾಲ್ಕು ತಿಂಗಳು ಮನೆಯಲ್ಲೇ ಕೂರಬೇಕು, ಬಿಡಿ.

ಹಿಂದೆ ಜೈಲಿದ್ದ ಜಾಗ ಇದು. ಈಗ ಯಾರೂ ಅಟ್ಟಿಸಿಕೊಂಡು ಬರದಿದ್ದರೂ ನಾವೇ ಸುಮ್ನೆ ಓಡುತ್ತೇವೆ!

ಐದು ಕಿಲೋಮೀಟರ್. ಫೀಸಿಲ್ಲ, ಮೆಡಲಿಲ್ಲ. ಐಡಿಯಾ ನಮ್ಮದಲ್ಲ. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದ ಪಾರ್ಕ್‌ರನ್‌ ಅನ್ನೋ ಉಚಿತ ಓಟದಿಂದ ಕದ್ದಿದ್ದು. ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್‌ಗೆ ಆಗ ಗಾಯವಾಗಿ ಓಡಲು ಆಗುತ್ತಿರಲಿಲ್ಲ. ಗೆಳೆಯರನ್ನಾದರೂ ಓಡಿಸೋಣ ಅಂತ ಹೊರಟರಂತೆ. ಅಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಹಿಂದೆ ನಡೆದು ಬರಲಿಕ್ಕೆ ಅಂತಲೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹಾಗಾಗಿ ಓಡಲು ಬಂದ ಯಾರೂ ಕೊನೆಯವರಾಗುವುದೇ ಇಲ್ಲ.

ಇವತ್ತು ಆ ಪಾಳಿ ನನ್ನದು. ಮೊಣಕಾಲು ನೋವಿನ ಆಂಟಿಯೊಬ್ಬರು ಜೊತೆಗಿದ್ದರು. "ನೀನು ಮುಂದೆ ಹೋಗಪ್ಪ, ನನ್ನಿಂದ ನಿಂಗೆ ತಡ" ಅಂತ ಮೂರು ಸಲ ಹೇಳಿದರು. "ಮುಂದೆ ಹೋದ್ರೆ ನನ್ನ ಕೆಲಸ ಹೋಗುತ್ತೆ ಆಂಟಿ" ಅಂದೆ. ನಕ್ಕರು. ಆಮೇಲೆ ತೀರ್ಥಹಳ್ಳಿಯ ತವರು, ಅಡಿಕೆಗೆ ಬಂದ ಕೊಳೆರೋಗ, ಕಳಲೆ ರೇಟು, ಎಲ್ಲ ಬಂತು. ಜೋರಾಗಿ ಓಡುವ ವಾರಗಳಲ್ಲಿ ನನಗೆ ನನ್ನ ಏದುಸಿರು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಆಯ್ತು. ಮುಗಿಸಿ ಹೋಟೆಲಿಗೆ ಬಂದರೆ ಉಳಿದವರು ಎರಡನೇ ಕಾಫಿಯಲ್ಲಿದ್ದರು. ವಡೆ ಖಾಲಿ.