ಟ್ಯೂನಾ ಕೊಳ್ಳುವಾಗ ಮೊದಲು ಐಸ್ ನೋಡಿ, ಆಮೇಲೆ ಜಾತಿ

ಸೂಳೆಕೆರೆಯ ಕಾಟ್ಲಾ, ಹರಿಹರದ ಹೊಳೆ ಮೀನು ತಿಂದು ಬೆಳೆದ ದಾವಣಗೆರೆಯವರಿಗೆ ಟ್ಯೂನಾ ತುಂಡು ಕಂಡೊಡನೆ ಅನುಮಾನ ಬರುತ್ತದೆ: ಮೀನಿನ ಮಾಂಸ ಇಷ್ಟು ಕೆಂಪಗಿರುತ್ತದೆಯೇ? ಇರುತ್ತದೆ. ಟ್ಯೂನಾ ಹಗಲುರಾತ್ರಿ ಈಜುತ್ತಲೇ ಇರುವ ಮೀನು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅದರ ಮಾಂಸದಲ್ಲಿ ಹೆಚ್ಚು. ಕುರಿಮಾಂಸ ಕೆಂಪಗಿರುವುದೂ ಅದರಿಂದಲೇ. ಬಂಗುಡೆ, ಅಂಜಲ್‌ಗಳ ಕುಟುಂಬಕ್ಕೇ ಸೇರಿದ ಇದನ್ನು ನಮ್ಮ ಕರಾವಳಿಯವರು ಕೇದರ್ ಎನ್ನುತ್ತಾರೆ, ಕೇರಳದವರು ಚೂರ ಎನ್ನುತ್ತಾರೆ.

ಟ್ಯೂನಾದಲ್ಲಿ ಹಲವು ಜಾತಿ, ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು. ಇಡೀ ಮೀನು ಕಣ್ಣಿಗೆ ಬಿದ್ದರೆ ಗುರುತಿಸುವುದು ಕಷ್ಟವಲ್ಲ. ಬೆನ್ನ ಮೇಲೆ ಅಲೆಯಂಥ ಓರೆ ಗೆರೆ, ಎದೆಯ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದ್ದರೆ ಅದು ಲಿಟಲ್ ಟ್ಯೂನಾ. ಬೆಲೆ ಕಡಿಮೆ, ಕಪ್ಪು ಮಾಂಸ ಜಾಸ್ತಿ, ವಾಸನೆಯೂ ಜೋರು. ಹುಳಿ-ಖಾರದ ಸಾರಿಗೆ ಇದೇ ಸಾಕು. ಹೊಟ್ಟೆಯ ಮೇಲೆ ಉದ್ದಕ್ಕೆ ನಾಲ್ಕಾರು ಕಪ್ಪು ಗೆರೆ ಎಳೆದಂತಿದ್ದರೆ ಸ್ಕಿಪ್‌ಜಾಕ್. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಗಾಳದಿಂದ ಹಿಡಿದು, ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಮಾಸ್ ಎಂಬ ಒಣಮೀನು ಮಾಡುವುದು ಇದನ್ನೇ. ಬಾಲದ ಕಡೆಯ ಪುಟ್ಟ ರೆಕ್ಕೆಗಳು ಕಡು ಹಳದಿಯಾಗಿದ್ದರೆ ಯೆಲ್ಲೋಫಿನ್. ಮಾಂಸ ಗಟ್ಟಿ, ವಾಸನೆ ಕಡಿಮೆ. ತವಾದಲ್ಲಿ ಹುರಿಯುವುದಾದರೆ ಇದಕ್ಕೆ ಹೆಚ್ಚು ದುಡ್ಡು ಕೊಡಬಹುದು. ಸಾರಿಗೆ ಹಾಕುವವರು ಕೊಡಬೇಕಿಲ್ಲ. ಅಲ್ಬಕೋರ್, ಬ್ಲೂಫಿನ್‌ಗಳ ಮಾತು ಇಂಟರ್‌ನೆಟ್‌ನಲ್ಲಿ ಬಹಳ, ನಮ್ಮ ಮೀನಂಗಡಿಗಳಲ್ಲಿ ಅವನ್ನು ಹುಡುಕಬೇಡಿ.

ಜಾತಿಗಿಂತ ದೊಡ್ಡ ಪ್ರಶ್ನೆ ತಂಪಿನದು. ಸಮುದ್ರದಿಂದ ಘಟ್ಟ ಹತ್ತಿ ಬರುವ ದಾರಿಯಲ್ಲೋ, ಏಪ್ರಿಲ್ ಬಿಸಿಲಿಗೆ ಅಂಗಡಿಯ ಹಲಗೆಯ ಮೇಲೋ ಐಸ್ ಕರಗಿತೆಂದರೆ, ಟ್ಯೂನಾ ಮಾಂಸದಲ್ಲಿ ಹೇರಳವಾಗಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ, ಹೆಚ್ಚಾದರೆ ಮೈಗೆ ಆಗದ ವಸ್ತುವಾಗಿ ಮಾಡಿಬಿಡುತ್ತವೆ. ಒಮ್ಮೆ ಆಯಿತೆಂದರೆ ಎಷ್ಟು ಕುದಿಸಿದರೂ, ಕರಿದರೂ, ಫ್ರೀಜರ್‌ನಲ್ಲಿಟ್ಟರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರುವುದು, ತಲೆನೋವು, ತುರಿಕೆ, ಎದೆ ಬಡಿತ, ಭೇದಿ ಶುರುವಾಗಬಹುದು. ಬಹಳ ಜನ ಇದನ್ನು ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತುತ್ತು ಬಾಯಿಗಿಟ್ಟಾಗ ಮಸಾಲೆಯದ್ದಲ್ಲದ ಚುರುಚುರು ನಾಲಿಗೆಗೆ ತಾಕಿದರೆ ಉಗುಳಿ, ತಟ್ಟೆ ಸರಿಸಿ. ಆದರೆ ಕೆಟ್ಟ ವಾಸನೆ, ರುಚಿ ಏನೂ ಇಲ್ಲದೆಯೂ ಹಿಸ್ಟಮಿನ್ ಇರಬಹುದು. ಹಾಗಾಗಿ ಮೂಗನ್ನೊಂದೇ ನಂಬುವಂತಿಲ್ಲ. ಮೀನು ಐಸ್‌ನಲ್ಲಿ ಹುದುಗಿರಬೇಕು; ಮೇಲೆ ನಾಲ್ಕು ಚೂರು ಉದುರಿಸಿದ್ದರೆ ಸಾಲದು.

ಇಡೀ ಮೀನಾದರೆ ಕಿವಿರು ಕೆಂಪಗಿರಲಿ, ಹೊಟ್ಟೆ ಬಿರಿದಿರಬಾರದು. ತುಂಡಾದರೆ ಮಾಂಸದಲ್ಲಿ ಜೇನುಗೂಡಿನಂಥ ತೂತುಗಳಿದ್ದರೆ ಬೇಡವೇ ಬೇಡ. ಕಂದು ಬಣ್ಣ ತಿರುಗಿದ್ದು ಹಳತಾಗುತ್ತಿರುವ ಗುರುತು. ಹಾಗಂತ ಕಲ್ಲಂಗಡಿ ಹಣ್ಣಿನಂತೆ ಹೊಳೆಯುವ ಪ್ಯಾಕೆಟ್ ತುಂಡು ತಾಜಾ ಎಂದೂ ಅಲ್ಲ. ಕಾರ್ಬನ್ ಮಾನಾಕ್ಸೈಡ್ ಹಾಯಿಸಿದ ಮೀನು ಕೆಟ್ಟ ಮೇಲೂ ಕೆಂಪಗೇ ಇರುತ್ತದೆ. ಇನ್ನೊಂದು: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ದಿನಗಳಲ್ಲಿ ‘ಮಂಗಳೂರಿನ ತಾಜಾ ಮಾಲು’ ಎಂದರೆ ಎಲ್ಲಿಂದ, ಯಾವಾಗ ಬಂತು ಎಂದು ಬಿಡದೆ ಕೇಳಿ.

ಮೀನು ತರಲು ಹೋಗುವಾಗ ಡಬ್ಬಿ ಒಯ್ಯಿರಿ, ಕೆಜಿ ಮೀನಿಗೆ ಕೆಜಿ ಐಸ್ ಲೆಕ್ಕ. ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ಕೆಳಗಿಟ್ಟು ಮರುದಿನದೊಳಗೆ ಮುಗಿಸಿ. ಫ್ರೀಜರ್‌ನಿಂದ ತೆಗೆದದ್ದನ್ನು ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ರಾತ್ರಿ ಫ್ರಿಜ್‌ನ ಕೆಳಗಿನ ಹಲಗೆಗೆ ಇಳಿಸಿಟ್ಟರೆ ಬೆಳಗ್ಗೆಗೆ ಸರಿಯಾಗುತ್ತದೆ.

ಮುದ್ದೆ ಜೊತೆಗಿನ ಸಾರಿಗೆ ಅರ್ಧ ಕೆಜಿ ಸಾಕು. ಬದಿಯುದ್ದಕ್ಕೂ ಇರುವ ಕಪ್ಪು ಮಾಂಸದ ಪಟ್ಟಿಯನ್ನು ಚಾಕುವಿನಿಂದ ಬಿಡಿಸಿದರೆ ವಾಸನೆಯ ಬಹುಪಾಲು ಹೋಗುತ್ತದೆ. ತುಂಡು ಎರಡು ಸೆಂಟಿಮೀಟರ್ ದಪ್ಪ ಇರಲಿ. ಬ್ಯಾಡಗಿ ಮೆಣಸಿನಕಾಯಿ, ಒಣ ಕೊಬ್ಬರಿಯ ಮಸಾಲೆಯನ್ನು ಹುಣಸೆ ರಸದ ಜೊತೆ ಎಣ್ಣೆ ಬಿಡುವವರೆಗೆ ಕುದಿಸಿ, ಕೊನೆಗೆ ಮೀನು ಹಾಕಿ ಸಣ್ಣ ಉರಿಯಲ್ಲಿ 8–10 ನಿಮಿಷ. ಸೌಟು ಆಡಿಸದೆ ಪಾತ್ರೆಯನ್ನೇ ಅಲ್ಲಾಡಿಸಿ. ಟ್ಯೂನಾದಲ್ಲಿ ಕೊಬ್ಬು ಕಡಿಮೆ, ಮಟನ್‌ನಂತೆ ಹೆಚ್ಚು ಬೆಂದಷ್ಟೂ ಮೆತ್ತಗಾಗುವುದಿಲ್ಲ. ನಾರಾಗಿ ಬಾಯಲ್ಲಿ ಹಿಟ್ಟಿನಂತೆ ಒಣಗುತ್ತದೆ.

ಐಸ್ ಬಗ್ಗೆ ಭರವಸೆಯೇ ಬರದಿದ್ದರೆ ಡಬ್ಬಿ ಟ್ಯೂನಾ ಒಳ್ಳೆಯ ಆಯ್ಕೆ, ಇದನ್ನು ಸಂಕೋಚವಿಲ್ಲದೆ ಹೇಳಬಹುದು. ಒಟ್ಟು ತೂಕ ನೋಡಬೇಡಿ, ‘ಡ್ರೈನ್ಡ್ ವೇಟ್’ ನೋಡಿ: 185 ಗ್ರಾಂ ಡಬ್ಬಿಯಲ್ಲಿ ಮೀನು 130 ಗ್ರಾಂ ಇದ್ದರೆ ಉಳಿದದ್ದು ನೀರೋ ಎಣ್ಣೆಯೋ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ರೊಟ್ಟಿಗೆ ಪಲ್ಯ ಮಾಡುವುದಾದರೆ ಎಣ್ಣೆಯದ್ದು ತಂದು ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿ. ಒಮೆಗಾ-3 ಸ್ವಲ್ಪ ಅದರಲ್ಲೂ ಇಳಿದಿರುತ್ತದೆ. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳಿದ್ದರೆ ಸ್ಕಿಪ್‌ಜಾಕ್ ಎಂದು ಬರೆದಿರುವುದನ್ನೇ ಆರಿಸಿ. ಮೀನು ದೊಡ್ಡದಾಗಿ, ವಯಸ್ಸಾದಷ್ಟೂ ಮೈಯಲ್ಲಿ ಪಾದರಸ ಕೂಡುತ್ತದೆ. ಬಿಗ್‌ಐ ಎಂಬ ದೊಡ್ಡ ಜಾತಿಯ ಟ್ಯೂನಾ ಅಂತೂ ಅವರಿಗೆ ಬೇಡ. ಡಬ್ಬಿ ಒಡೆದ ಮೇಲೆ ಉಳಿದದ್ದನ್ನು ತಕ್ಷಣ ಗಾಜಿನ ಬಟ್ಟಲಿಗೆ ಹಾಕಿ ಮುಚ್ಚಿ ಫ್ರಿಜ್‌ಗೆ ಸೇರಿಸಿ. ಬಿಸಿಗೆ ಬಿಟ್ಟರೆ ಹಿಸ್ಟಮಿನ್ ಹುಟ್ಟುವ ಭಯ ಅದಕ್ಕೂ ಇದೆ.